ಕೋಲಾರದ ಆರೋಗ್ಯ ಕಿರುವಿಡಿಯೊ ಸ್ಪರ್ಧೆ: ಸೇರಿ, ಆದರೆ ಸ್ಕ್ರಿಪ್ಟನ್ನು ಮೊದಲು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ತೋರಿಸಿ

ಪ್ರವೇಶ ಶುಲ್ಕವಿಲ್ಲ, ಇಂಥದ್ದೇ ಕ್ಯಾಮೆರಾ ಆಗಬೇಕೆಂಬ ಷರತ್ತಿಲ್ಲ, ಒಂದು ಮೊಬೈಲು ಸಾಕು. ಜಿಲ್ಲೆಯ ಕಾಲೇಜು ಹುಡುಗರು, ಆಶಾ ಕಾರ್ಯಕರ್ತೆಯರು, ಮೇಷ್ಟ್ರುಗಳು ಯಾರು ಬೇಕಾದರೂ ಸೇರಬಹುದು. ಡೆಂಗಿ, ಕ್ಷಯ, ಫ್ಲೋರೈಡ್, ನಾಯಿ ಕಡಿತ, ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡು 60 ಸೆಕೆಂಡಿನೊಳಗೆ ಜನಕ್ಕೆ ಒಂದು ಮಾತು ಮುಟ್ಟಿಸಬೇಕು. ಈ ಸ್ಪರ್ಧೆಗೆ ಐದಕ್ಕೆ ಮೂರು ಸ್ಟಾರ್ ಕೊಡಬಹುದು. ಉಳಿದೆರಡು ಹೋಗಿದ್ದು ಒಂದೇ ಕಾರಣಕ್ಕೆ. ವಿಡಿಯೊ ಹಾಕಿದ ದಿನದಿಂದಲೇ ಲೈಕುಗಳಿಗೆ ಅಂಕ ಸೇರುತ್ತಾ ಹೋಗುತ್ತದೆ, ಅದರಲ್ಲಿ ಹೇಳಿದ್ದು ಸರಿಯೋ ತಪ್ಪೋ ಎಂದು ವೈದ್ಯರು ನೋಡುವುದು ಮಾತ್ರ ಕೊನೆಯ ಸುತ್ತಿನಲ್ಲಿ. ಅಷ್ಟು ಹೊತ್ತಿಗೆ ತಪ್ಪು ಸಲಹೆ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿರುತ್ತದೆ.

ನೀರಿನಲ್ಲಿ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ವಿಷಯವನ್ನೇ ತಗೊಳ್ಳಿ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಈ ಸೀಮೆಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಆದರೆ ಬಂದ ವಿಡಿಯೊಗಳಲ್ಲಿ ‘ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ’ ಎಂಬ ಮಾತು ಮತ್ತೆ ಮತ್ತೆ ಕೇಳುತ್ತದೆ. ವಾಂತಿಭೇದಿಗೆ ಸರಿಹೊಂದುವ ಸಲಹೆ ಇಲ್ಲಿ ಉಲ್ಟಾ ಹೊಡೆಯುತ್ತದೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ವಿಡಿಯೊದಲ್ಲಿ ಹೇಳಬೇಕಾದ ಮಾತು ಇದು: ಆರ್‌ಒ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಮುದ್ದೆಗೆ ಎಸರಿಡಲು, ಸಾರಿಗೆ, ಬೇಳೆ ಬೇಯಿಸಲು ಕೂಡ ಬಳಸಿ. ಕ್ಯಾನ್ ನೀರು ಕುಡಿದು ಬೋರ್‌ವೆಲ್ ನೀರಲ್ಲಿ ಅಡುಗೆ ಮಾಡುವ ಮನೆಗಳೇ ಜಾಸ್ತಿ. ಈ ಒಂದು ಮಾತಿಗೇ ಒಂದು ನಿಮಿಷ ಸಾಕಾಗುತ್ತದೆ.

ಡೆಂಗಿಯದ್ದು ಇನ್ನೊಂದು ರೀತಿಯ ತಪ್ಪು. ಕ್ಯಾಮೆರಾ ಆನ್ ಆದ ತಕ್ಷಣ ಎಲ್ಲರೂ ಓಡುವುದು ಮೋರಿಯ ಹತ್ತಿರ. ಮೋರಿಯ ಕೊಳಕು ನೀರು ಕ್ಯುಲೆಕ್ಸ್ ಸೊಳ್ಳೆಯ ತಾಣ. ಡೆಂಗಿ ಹರಡುವ ಈಡಿಸ್‌ಗೆ ಬೇಕಿರುವುದು ನಿಂತ ತಿಳಿನೀರು. ನಲ್ಲಿಯಲ್ಲಿ ದಿನಾ ನೀರು ಬರದ ಕೋಲಾರದಂಥ ಊರಲ್ಲಿ ಅದು ಸಿಗುವುದು ಮನೆಯೊಳಗೇ: ಟ್ಯಾಂಕರ್ ನೀರು ತುಂಬಿದ ಸಂಪು, ಮುಚ್ಚಳವಿಲ್ಲದ ನೀಲಿ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ. ಚಿತ್ರೀಕರಿಸಬೇಕಿರುವುದು ಇದನ್ನೇ. ಬಿಳಿ ಬಟ್ಟಲಿನಲ್ಲಿ ಡ್ರಮ್ಮಿನ ನೀರು ಮೊಗೆದು ಪಕ್ಕದಿಂದ ಟಾರ್ಚ್ ಬಿಡಿ. ತಲೆ ಕೆಳಗಾಗಿ ನೀರಿನ ಮೇಲ್ಮೈಗೆ ಬಾಲ ತಾಗಿಸಿಕೊಂಡು ನೇತಾಡುವ ಲಾರ್ವಾಗಳು ಕಾಣುತ್ತವೆ. ಬಟ್ಟಲನ್ನು ಬೆರಳಲ್ಲಿ ತಟ್ಟಿದರೆ ಕುಣಿಯುತ್ತಾ ತಳಕ್ಕೆ ಇಳಿಯುತ್ತವೆ. ಹತ್ತು ಸೆಕೆಂಡಿನ ಈ ಒಂದು ಶಾಟ್ ನಾಲ್ಕು ಸಾಲು ಭಾಷಣಕ್ಕಿಂತ ಮೇಲು. ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನೂ ತೋರಿಸಿ. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಒಳಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು.

ಕ್ಷಯದ ವಿಡಿಯೊಗಳಲ್ಲಿ ಹಳೇ ಪೋಸ್ಟರ್ ನೋಡಿ ಬರೆದದ್ದು ಗೊತ್ತಾಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ಬರುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಹಲವರು ಇನ್ನೂ 500 ಎನ್ನುತ್ತಿದ್ದಾರೆ. ನಾಯಿ ಕಡಿತಕ್ಕೆ ‘ಹೊಕ್ಕುಳ ಸುತ್ತ 14 ಇಂಜೆಕ್ಷನ್’ ಎಂದು ಹೆದರಿಸುವವರೂ ಇದ್ದಾರೆ. ಆ ಕಾಲ ಹೋಗಿ ಬಹಳ ದಿನವಾಯಿತು. ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ಎಂದರೆ ಸಾಕು.

ಆದ್ದರಿಂದ ಸ್ಕ್ರಿಪ್ಟನ್ನು ಒಂದು ಹಾಳೆಯಲ್ಲಿ ಬರೆದು, ಚಿತ್ರೀಕರಣಕ್ಕೆ ಮೊದಲೇ ನಿಮ್ಮ ಪಿಎಚ್‌ಸಿಯ ವೈದ್ಯರಿಗೋ ಆರೋಗ್ಯ ನಿರೀಕ್ಷಣಾಧಿಕಾರಿಗೋ ಓದಿ ಹೇಳಿ. ಆಯೋಜಕರು ಇದನ್ನು ಕೇಳುವುದಿಲ್ಲ, ಕೇಳಬೇಕಿತ್ತು. ಹಾಳೆಯಲ್ಲಿ ನೂರರ ಆಸುಪಾಸು ಪದಗಳಿದ್ದರೆ ನಿಮಿಷಕ್ಕೆ ಸರಿಹೋಗುತ್ತದೆ. 140 ದಾಟಿದರೆ ಬಸ್‌ಸ್ಟ್ಯಾಂಡ್ ಅನೌನ್ಸ್‌ಮೆಂಟ್ ಆಗಿಬಿಡುತ್ತದೆ. ಮೊದಲ ಐದು ಸೆಕೆಂಡು ಆಯೋಜಕರ ಲೋಗೊ ಇರಲೇಬೇಕೆಂಬ ನಿಯಮ ಮಾತ್ರ ಶುದ್ಧ ದಂಡ. ಜನ ಬೆರಳಾಡಿಸಿ ಮುಂದೆ ಹೋಗುವುದೇ ಆ ಐದು ಸೆಕೆಂಡಿನಲ್ಲಿ, ಅದನ್ನು ಕೊನೆಗೆ ಹಾಕಿಸಬಹುದಿತ್ತು.

ತಾಂತ್ರಿಕವಾಗಿ ಸೋಲುವವರು ಚಿತ್ರದಲ್ಲಿ ಸೋಲುವುದಕ್ಕಿಂತ ದನಿಯಲ್ಲಿ ಸೋಲುವುದು ಹೆಚ್ಚು. ಕ್ಲಾಕ್ ಟವರ್ ಹತ್ತಿರವೋ ಟೊಮೆಟೊ ಮಂಡಿಯಲ್ಲೋ ನಿಂತು ಮಾತಾಡಿದರೆ ಹಾರನ್ನೇ ಕೇಳುತ್ತದೆ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ವೈರಿನ ಮೈಕಾದರೆ ಪಿನ್ ನೋಡಿ: ಮೂರು ಕಪ್ಪು ಗೆರೆಯದ್ದು ಮೊಬೈಲಿಗೆ, ಎರಡು ಗೆರೆಯದ್ದು ಕ್ಯಾಮೆರಾಕ್ಕೆ. ಎರಡು ಗೆರೆಯದ್ದನ್ನು ಮೊಬೈಲಿಗೆ ಹಾಕಿದರೆ ದನಿ ಮೈಕಿನಿಂದ ಬರುವುದೇ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಓಡಾಡಿದರೆ ಪ್ರೊ ಮೋಡಿನಲ್ಲಿ ಶಟರನ್ನು 1/50ಕ್ಕೋ 1/100ಕ್ಕೋ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೇ ಆ ಲೆಕ್ಕ.

ದನಿ ಆಫ್ ಮಾಡಿಕೊಂಡು ನೋಡುವವರು ಬಹಳ, ಹಾಗಾಗಿ ಪರದೆಯ ಮೇಲೆ ಕನ್ನಡ ಸಾಲುಗಳು ಇರಲೇಬೇಕು. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗ್ ಆ್ಯಪಿಗೆ ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯುನಿಕೋಡಿಗೆ ಬದಲಾಯಿಸಿಕೊಂಡು ನೋಟೊ ಸ್ಯಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಹಾಕಿ, ‘ಸ್ವಚ್ಛ’, ‘ಆಸ್ಪತ್ರೆ’ ಎಂದು ಬರೆದು ಒತ್ತಕ್ಷರ ಒಡೆಯುತ್ತದೆಯೇ ನೋಡಿ. ಸಾಲುಗಳು ಪರದೆಯ ತೀರಾ ಕೆಳಗೆ ಬೇಡ, ಅಲ್ಲಿ ಹೆಸರು, ಬಟನ್ನುಗಳು ಬಂದು ಕೂರುತ್ತವೆ.

ಕನ್ನಡದಲ್ಲೇ ಇರಬೇಕೆಂಬ ನಿಯಮ ಒಪ್ಪತಕ್ಕದ್ದೇ. ಆದರೆ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ಅಜ್ಜಿಯಂದಿರು ಮನೆಯಲ್ಲಾಡುವುದು ತೆಲುಗು. ಒಂದೆರಡು ತೆಲುಗು ಸಂಭಾಷಣೆಗೂ ಅಂಕ ಕಡಿಯುವುದು ಅತಿಯಾಯಿತು. ರೋಗಿಯ ಮುಖ ತೋರಿಸಿದರೆ ಲಿಖಿತ ಒಪ್ಪಿಗೆ ಕೇಳುವುದು ಮಾತ್ರ ಈ ಸ್ಪರ್ಧೆಯ ಅತ್ಯುತ್ತಮ ನಿಯಮ.

ಸಲ್ಲಿಕೆ ಗೂಗಲ್ ಫಾರ್ಮಿನಲ್ಲಿ, ಮಿತಿ 100 ಎಂಬಿ. ಮೊಬೈಲಿನಿಂದ ನೇರ ಬಂದ ಒಂದು ನಿಮಿಷದ ಫುಲ್ ಎಚ್‌ಡಿ ಫೈಲು ಸೆಕೆಂಡಿಗೆ 17 ಮೆಗಾಬಿಟ್‌ನಂತೆ 127 ಎಂಬಿ ದಾಟುತ್ತದೆ, ಫಾರ್ಮು ತಿರಸ್ಕರಿಸುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಬಿಟ್‌ರೇಟನ್ನು 8 ಮೆಗಾಬಿಟ್‌ಗೆ ಇಳಿಸಿದರೆ 60 ಎಂಬಿ ಆಸುಪಾಸು ಬರುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಗೆಳೆಯರ ಫೋನಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಚಿತ್ರ ಮಸುಕಾಗಿ ಹೋಗುತ್ತದೆ. ಫಾರ್ಮಿಗೆ ಜಿಮೇಲ್ ಲಾಗಿನ್ ಬೇಕು. ಕಾಲೇಜಿನ ಕಂಪ್ಯೂಟರಿನಿಂದ ಹಾಕುವವರು ಯಾರ ಖಾತೆ ತೆರೆದಿದೆ ಎಂದು ನೋಡಿಕೊಂಡೇ ಸಬ್‌ಮಿಟ್ ಒತ್ತಿ.