ನಾಲ್ಕು ವರ್ಷದ ಬಿ.ಎಸ್ಸಿ.ಬಿ.ಎಡ್. ಸೇರುವ ಮುನ್ನ ಮಾನ್ಯತಾ ಆದೇಶವನ್ನು ಓದಿ

ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ 2022ರಲ್ಲಿ ನಡೆದ ನೇಮಕಾತಿಯಲ್ಲಿ ನನ್ನ ಹೆಸರು ದಾಖಲಾತಿ ಪರಿಶೀಲನೆಯ ಪಟ್ಟಿಗೆ ಬಂದಿತ್ತು. ಮೂಲ ಪ್ರಮಾಣಪತ್ರಗಳನ್ನೆಲ್ಲ ಹೊಸ ಕಡತದಲ್ಲಿ ಜೋಡಿಸಿಕೊಂಡು ಉಪನಿರ್ದೇಶಕರ ಕಚೇರಿಗೆ ಹೋಗಿದ್ದೆ. ಪರಿಶೀಲನೆಗೆ ಕುಳಿತಿದ್ದ ಹಿರಿಯರು ಪದವಿ ಪ್ರಮಾಣಪತ್ರವನ್ನು ಒಮ್ಮೆ, ಬೋಧನಾಭ್ಯಾಸದ ಪ್ರಮಾಣಪತ್ರವನ್ನು ಒಮ್ಮೆ ನೋಡಿ, ಎರಡನ್ನೂ ಪಕ್ಕಪಕ್ಕ ಇಟ್ಟು, "ವಿಶ್ವವಿದ್ಯಾಲಯ ಇರೋದು ಬೇರೆ ರಾಜ್ಯದಲ್ಲಿ, ನೀವು ಪಾಠ ಮಾಡಿದ್ದು ನಿಮ್ಮೂರಿನ ಶಾಲೆಯಲ್ಲಿ. ಇದು ಹೇಗಮ್ಮ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಏಳು ವರ್ಷಗಳ ಹಿಂದೆ, ಪ್ರವೇಶ ಪಡೆಯುವ ದಿನ ನಾನೇ ಕೇಳಬೇಕಿತ್ತು. ನಾನು ಕೇಳಲಿಲ್ಲ, ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ನಾನು ಪಿಯುಸಿ ಮುಗಿಸಿದ್ದು 2015ರಲ್ಲಿ. ಅದುವರೆಗೆ ಒಂದು ವರ್ಷವಿದ್ದ ಬಿ.ಎಡ್. ಕೋರ್ಸು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷವಾದದ್ದು ಅದೇ ವರ್ಷ. ಪ್ರೌಢಶಾಲಾ ಶಿಕ್ಷಕಿಯಾಗಬೇಕೆಂದರೆ ಪದವಿಗೆ ಮೂರು, ಬಿ.ಎಡ್.ಗೆ ಎರಡು, ಒಟ್ಟು ಐದು ವರ್ಷ ಬೇಕು. ನಮ್ಮ ಊರಿನ ಮುಖ್ಯರಸ್ತೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದ್ದ ಅಧ್ಯಯನ ಕೇಂದ್ರವು ಇದನ್ನೇ ಹಿಡಿದು, "ನಾಲ್ಕೇ ವರ್ಷದಲ್ಲಿ ಎರಡೂ ಪದವಿ" ಎಂದು ಫಲಕ ಹಾಕಿತ್ತು. ಆ ಮಾತು ಸುಳ್ಳೇನೂ ಅಲ್ಲ. ನಾಲ್ಕು ವರ್ಷದ ಸಂಯೋಜಿತ ಕೋರ್ಸು ನಮ್ಮ ದೇಶದಲ್ಲಿ ಬಹಳ ಹಳೆಯದು. ಮೈಸೂರು, ಅಜ್ಮೀರ್, ಭೋಪಾಲ್ ಮತ್ತು ಭುವನೇಶ್ವರದ ಪ್ರಾದೇಶಿಕ ಶಿಕ್ಷಣ ಸಂಸ್ಥೆಗಳು ಅದನ್ನು ದಶಕಗಳಿಂದ ನಡೆಸಿಕೊಂಡು ಬಂದಿವೆ, ಅಲ್ಲಿ ಓದಿದವರಿಗೆ ಎಲ್ಲ ಕಡೆ ಗೌರವವೂ ಇದೆ. ನಿಜವಾದ ಕೋರ್ಸಿನ ಈ ಒಳ್ಳೆಯ ಹೆಸರನ್ನು ನಂಬಿಯೇ ನಾವು ಹಣ ಕಟ್ಟಿದೆವು.

ಅಪ್ಪ ಒಂದು ಪ್ರಶ್ನೆಯನ್ನಂತೂ ಕೇಳಿದ್ದರು: ಇದಕ್ಕೆ ಮಾನ್ಯತೆ ಇದೆಯೇ ಎಂದು. ಕೇಂದ್ರದ ಮುಖ್ಯಸ್ಥರು ಕುಳಿತಲ್ಲಿಂದಲೇ ಗೋಡೆಯ ಕಡೆಗೆ ಬೆರಳು ತೋರಿಸಿ, "ಕಟ್ಟು ಹಾಕಿಸಿ ಇಟ್ಟಿದ್ದೀವಲ್ಲ ಸರ್, ನೋಡಿ" ಎಂದರು. ಗಾಜಿನ ಹಿಂದೆ ಪರಿಷತ್ತಿನ ಮುದ್ರೆಯಿದ್ದ ಇಂಗ್ಲಿಷ್ ಆದೇಶದ ಮೊದಲ ಪುಟ ಕಾಣುತ್ತಿತ್ತು. ಅದು ನಿಜವಾದ ಆದೇಶವೇ ಆಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಆದರೆ ಮಾನ್ಯತೆ ಸಿಕ್ಕಿದ್ದು ಬೇರೆ ರಾಜ್ಯದಲ್ಲಿರುವ ಆ ಖಾಸಗಿ ವಿಶ್ವವಿದ್ಯಾಲಯದ ಮುಖ್ಯ ಆವರಣಕ್ಕೆ, ಅಲ್ಲಿನ ವಿಳಾಸಕ್ಕೆ, ವರ್ಷಕ್ಕೆ 50 ವಿದ್ಯಾರ್ಥಿಗಳ ಮಿತಿಗೆ. ವಿಳಾಸ ಮತ್ತು ಮಿತಿಯ ವಿವರವಿದ್ದ ಎರಡನೆಯ ಪುಟವು ಮೊದಲ ಪುಟದ ಹಿಂದೆ ಕಟ್ಟಿನೊಳಗೇ ಉಳಿದುಬಿಟ್ಟಿತ್ತು.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ನಾವು ಎಡವಿದ್ದು ಇಲ್ಲಿಯೇ. ವಕೀಲರಿಗೆ ಇರುವಂತೆ ಶಿಕ್ಷಕರಿಗೆ ನಮ್ಮಲ್ಲಿ ಪ್ರತ್ಯೇಕ ಸನ್ನದು ಇಲ್ಲ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮಾಡಿದ ಬಿ.ಎಡ್. ಪದವಿಯೇ ಹೆಚ್ಚುಕಡಿಮೆ ಸನ್ನದಿನ ಕೆಲಸ ಮಾಡುತ್ತದೆ. ವಿಶ್ವವಿದ್ಯಾಲಯ ಇದೆ, ಅದು ಪದವಿ ಕೊಡುತ್ತದೆ, ಅಷ್ಟು ಸಾಕು ಎಂದು ನಾವು ತಿಳಿದಿದ್ದೆವು. 1993ರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ ಕಾಯಿದೆಯ ಪ್ರಕಾರ ಅದು ಸಾಲದು. ಕಾಯಿದೆಯ 14ನೆಯ ಕಲಮಿನಡಿ ಸಂಸ್ಥೆ ಮಾನ್ಯತೆ ಪಡೆಯಬೇಕು. ಹೊಸ ಕೋರ್ಸು ಸೇರಿಸುವುದಾದರೆ ಅಥವಾ ಪ್ರವೇಶ ಮಿತಿ ಹೆಚ್ಚಿಸುವುದಾದರೆ 15ನೆಯ ಕಲಮಿನಡಿ ಬೇರೆ ಅನುಮತಿ ಬೇಕು. ಹಾಗಾಗಿ ಎರಡು ವರ್ಷದ ಬಿ.ಎಡ್.ಗೆ ಮಾನ್ಯತೆ ಇರುವ ಕಾಲೇಜು ಅದರ ಬಲದ ಮೇಲೆ ನಾಲ್ಕು ವರ್ಷದ ಕೋರ್ಸು ನಡೆಸುವಂತಿಲ್ಲ. ಮಾನ್ಯತೆ ಇಲ್ಲದ ಕಡೆ ಪಡೆದ ಶಿಕ್ಷಕರ ಶಿಕ್ಷಣದ ಅರ್ಹತೆಯು ಕೇಂದ್ರ ಅಥವಾ ರಾಜ್ಯ ಸರ್ಕಾರದ ಕೆಲಸಕ್ಕೂ, ವಿಶ್ವವಿದ್ಯಾಲಯಗಳ ಕೆಲಸಕ್ಕೂ, ಅನುದಾನಿತ ಶಾಲಾ ಕಾಲೇಜುಗಳ ಕೆಲಸಕ್ಕೂ ಸಿಂಧುವಲ್ಲ ಎಂದು 17ನೆಯ ಕಲಮಿನ 4ನೆಯ ಉಪಕಲಮು ನೇರವಾಗಿ ಹೇಳುತ್ತದೆ. ಇನ್ನು, ಒಂದು ರಾಜ್ಯದ ಶಾಸನದಿಂದ ಹುಟ್ಟಿದ ವಿಶ್ವವಿದ್ಯಾಲಯವು ಆ ರಾಜ್ಯದ ಗಡಿಯಾಚೆ ಕೇಂದ್ರ ತೆರೆಯುವ ವಿಷಯಕ್ಕೆ ಸುಪ್ರೀಂ ಕೋರ್ಟು 2005ರಲ್ಲೇ ಪ್ರೊ. ಯಶ್‌ಪಾಲ್ ಪ್ರಕರಣದಲ್ಲಿ ತಡೆ ಹಾಕಿತ್ತು. ನಾನು ಆ ಮಹಡಿಯ ಮೆಟ್ಟಿಲು ಹತ್ತಿದ್ದು ಆ ತೀರ್ಪು ಬಂದು ಹತ್ತು ವರ್ಷ ಕಳೆದ ಮೇಲೆ.

ಅನುಮಾನ ಬರುವಂಥ ಸಂಗತಿಗಳು ಇರಲಿಲ್ಲವೆಂದಲ್ಲ. ಶುಲ್ಕದ ರಸೀದಿಗಳು ವಿಶ್ವವಿದ್ಯಾಲಯದ ಹೆಸರಿನಲ್ಲಿರಲಿಲ್ಲ. ಯಾವುದೋ ಟ್ರಸ್ಟಿನ ಹೆಸರಿನಲ್ಲಿದ್ದವು. ಪ್ರತಿ ವರ್ಷವೂ ಹತ್ತು ದಿನ ರೈಲಿನಲ್ಲಿ ಹೋಗಿ ಪರೀಕ್ಷೆ ಬರೆದು ಬರುತ್ತಿದ್ದೆವು. ರಸಾಯನಶಾಸ್ತ್ರದ ಪ್ರಯೋಗಗಳನ್ನು ನಾವು ಮಾಡುವುದಕ್ಕಿಂತ ದಾಖಲೆ ಪುಸ್ತಕದಲ್ಲಿ ಬರೆಯುವುದೇ ಹೆಚ್ಚಾಗಿತ್ತು.

ಎಲ್ಲಕ್ಕಿಂತ ದೊಡ್ಡ ಸೂಚನೆ ಸಿಕ್ಕಿದ್ದು ಬೋಧನಾಭ್ಯಾಸದ ಸಮಯದಲ್ಲಿ. 2014ರ ನಿಯಮಾವಳಿಯ ಪ್ರಕಾರ ಬಿ.ಎಡ್. ವಿದ್ಯಾರ್ಥಿಯು 20 ವಾರ ಶಾಲೆಯ ಒಡನಾಟದಲ್ಲಿರಬೇಕು, ಅದರಲ್ಲಿ 16 ವಾರ ಕೊನೆಯ ವರ್ಷದಲ್ಲೇ ಬರಬೇಕು. ನಮ್ಮನ್ನು ಹತ್ತಿರದ ಶಾಲೆಯೊಂದಕ್ಕೆ ಕಳುಹಿಸಿದ್ದು ನಾಲ್ಕು ದಿನ. ಉಳಿದದ್ದಕ್ಕೆ ಹಿಂದಿನ ವರ್ಷದವರ ಪಾಠ ಯೋಜನೆಯ ಪುಸ್ತಕಗಳನ್ನು ಕೊಟ್ಟು, ದಿನಾಂಕ ಬದಲಾಯಿಸಿ ನಕಲು ಮಾಡಲು ಹೇಳಿದರು. ನಾನು ಬರೆದುಕೊಟ್ಟ ಪುಸ್ತಕ ವಾರದ ನಂತರ ಮರಳಿ ಬಂದಾಗ ಬೆಳಕಿನ ವಕ್ರೀಭವನದ ಪಾಠದ ಕೆಳಗೆ ಕೆಂಪು ಶಾಯಿಯಲ್ಲಿ "ಕಪ್ಪು ಹಲಗೆಯ ಬಳಕೆ ಚೆನ್ನಾಗಿದೆ, ಧ್ವನಿ ಇನ್ನೂ ಸ್ವಲ್ಪ ಏರಬೇಕು" ಎಂಬ ಷರಾ ಇತ್ತು. ಆ ಪಾಠವನ್ನು ನಾನು ಯಾವ ತರಗತಿಯಲ್ಲೂ ಮಾಡಿರಲಿಲ್ಲ. ಗೆಳತಿಯ ಪುಸ್ತಕದಲ್ಲೂ ಅದೇ ಪಾಠಕ್ಕೆ ಅದೇ ಷರಾ ಇತ್ತು, ಅವಳ ಧ್ವನಿಯೂ ಏರಬೇಕಿತ್ತು. ಅಂದು ನಾವಿಬ್ಬರೂ ನಕ್ಕುಬಿಟ್ಟೆವು. ಆ ನಗು ಈಗ ನೆನಪಾದರೆ ನನಗೆ ನಾಚಿಕೆಯಾಗುತ್ತದೆ, ಏಕೆಂದರೆ ಇದರಲ್ಲಿ ನನ್ನ ಪಾಲೂ ಇದೆ.

2019ರಲ್ಲಿ ಅಂಕಪಟ್ಟಿ ಬಂತು. 2021ರಲ್ಲಿ ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದು, 6ರಿಂದ 8ನೆಯ ತರಗತಿಯವರಿಗಾಗಿ ಇರುವ ಎರಡನೆಯ ಪತ್ರಿಕೆಯಲ್ಲಿ ತೇರ್ಗಡೆಯಾದೆ. ಈ ಟಿಇಟಿ ಪ್ರಮಾಣಪತ್ರವೇ ನನ್ನನ್ನು ಹೆಚ್ಚು ದಾರಿ ತಪ್ಪಿಸಿತು ಎನ್ನಬೇಕು. ಪದವಿ ಸರಿಯಿಲ್ಲದಿದ್ದರೆ ಸರ್ಕಾರ ಪರೀಕ್ಷೆಗೆ ಕೂರಿಸುತ್ತಿತ್ತೇ ಎಂದು ಮನೆಯಲ್ಲೆಲ್ಲ ವಾದಿಸಿದ್ದೆ. ಟಿಇಟಿ ಅರ್ಜಿಯಲ್ಲಿ ನಾವು ತುಂಬಿದ ವಿವರಗಳು ಹಾಗೆಯೇ ಹೋಗುತ್ತವೆ; ಪದವಿಯ ಬೆನ್ನಿಗಿರುವ ಮಾನ್ಯತೆಯನ್ನು ಕೆದಕಿ ನೋಡುವುದು ನೇಮಕಾತಿಯ ಹಂತದಲ್ಲಿ, ಅಂದರೆ ಎಲ್ಲ ಮುಗಿದ ಮೇಲೆ.

ಪರಿಶೀಲನೆಯಲ್ಲಿ ನನ್ನ ಹೆಸರು ಬಿಟ್ಟುಹೋದ ಬಳಿಕ ಮಾಹಿತಿ ಹಕ್ಕಿನಡಿ ಪರಿಷತ್ತಿಗೆ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ಕಾಯಿದೆ ಹೇಳುವ 30 ದಿನಗಳೊಳಗೆ ಉತ್ತರ ಬಂತು: ನಾನು ಬರೆದಿದ್ದ ವಿಳಾಸದಲ್ಲಿ ಯಾವ ಶಿಕ್ಷಕರ ಶಿಕ್ಷಣ ಕೋರ್ಸಿಗೂ ಮಾನ್ಯತೆ ನೀಡಿಲ್ಲ. ನಾಲ್ಕು ವರ್ಷಗಳಲ್ಲಿ ಅಪ್ಪ ಕಟ್ಟಿದ್ದು ಎರಡು ಲಕ್ಷಕ್ಕೂ ಮೀರಿದ ಮೊತ್ತ.

ಸಂಯೋಜಿತ ಕೋರ್ಸಿನಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ಬೇರೆಬೇರೆಯಾಗಿ ಓದಿದವರ ಬಿ.ಎಡ್. ಅಸಿಂಧುವಾದರೂ ಮೂರು ವರ್ಷದ ಪದವಿ ಅವರ ಕೈಯಲ್ಲಿ ಉಳಿಯುತ್ತದೆ. ಅದನ್ನು ಹಿಡಿದು ಎಂ.ಎಸ್ಸಿ.ಗೋ ಬ್ಯಾಂಕ್ ಪರೀಕ್ಷೆಗೋ ಅರ್ಜಿ ಹಾಕಬಹುದು. ನನ್ನದು ಒಂದೇ ಪ್ರಮಾಣಪತ್ರ, ಎರಡು ಪದವಿಗಳೂ ಅದರಲ್ಲೇ ಬೆಸೆದುಕೊಂಡಿವೆ. ಬಿ.ಎಡ್. ಮುಳುಗುವಾಗ ಬಿ.ಎಸ್ಸಿ.ಯನ್ನೂ ಎಳೆದುಕೊಂಡೇ ಮುಳುಗಿತು. ಇಪ್ಪತ್ತೈದನೆಯ ವಯಸ್ಸಿನಲ್ಲಿ ನನ್ನ ಬಳಿ ಪ್ರಶ್ನೆ ಬಾರದಂತೆ ತೋರಿಸಬಹುದಾದ ಕೊನೆಯ ದಾಖಲೆಯೆಂದರೆ ಪಿಯುಸಿ ಅಂಕಪಟ್ಟಿ. ದೂರು ಕೊಡಲು ಹೋದಾಗ ಕೇಂದ್ರದವರು ನನ್ನ ಪ್ರವೇಶ ಅರ್ಜಿಯನ್ನು ಹೊರತೆಗೆದರು. ಕೊನೆಯ ಪುಟದಲ್ಲಿ, "ಕೋರ್ಸಿನ ಮಾನ್ಯತೆಯ ಬಗ್ಗೆ ಅಭ್ಯರ್ಥಿಯು ಸ್ವತಃ ವಿಚಾರಿಸಿ ತೃಪ್ತಿಪಟ್ಟಿರುತ್ತಾರೆ" ಎಂಬ ಸಾಲಿನ ಕೆಳಗೆ ನನ್ನ ಸಹಿ ಇತ್ತು, ಪಕ್ಕದಲ್ಲಿ ಅಪ್ಪನ ಸಹಿಯೂ ಇತ್ತು.

ಆದ್ದರಿಂದ ಈ ವರ್ಷ ಸೇರುವವರು ಮಾನ್ಯತಾ ಆದೇಶದ ಎಲ್ಲ ಪುಟಗಳ ಪ್ರತಿಯನ್ನು ಕೈಗೆ ಪಡೆದು, ಮನೆಗೆ ತಂದು ಓದಿ. ಕೋರ್ಸಿನ ಹೆಸರು ನೀವು ಸೇರುವ ಕೋರ್ಸಿನದೇ ಆಗಿರಬೇಕು, ವಿಳಾಸ ನೀವು ತರಗತಿಗೆ ಹೋಗುವ ಕಟ್ಟಡದ್ದೇ ಆಗಿರಬೇಕು. ಪ್ರವೇಶ ಮಿತಿ 50 ಎಂದಿದ್ದು ತರಗತಿಯಲ್ಲಿ ಎಂಬತ್ತು ಜನ ಕುಳಿತಿದ್ದರೆ, ಹೆಚ್ಚಿನ ಮೂವತ್ತರಲ್ಲಿ ನೀವೂ ಒಬ್ಬರೇ ಎಂಬುದನ್ನು ಲಿಖಿತವಾಗಿ ಕೇಳಿ. ಮಾನ್ಯತೆ ಹಿಂಪಡೆದ ಆದೇಶವು ತಕ್ಷಣ ಜಾರಿಯಾಗುವುದಿಲ್ಲ, ಅದು ತಲುಪಿದ ನಂತರದ ಶೈಕ್ಷಣಿಕ ವರ್ಷದ ಕೊನೆಗೆ ಜಾರಿಯಾಗುತ್ತದೆ. ಈ ನಡುವಿನ ಅವಧಿಯಲ್ಲಿ ಬಾಗಿಲು ತೆರೆದೇ ಇರುವ ಕಾಲೇಜನ್ನು ನೋಡಿ ಮೋಸಹೋಗಬೇಡಿ. 2023ರಿಂದ ನಾಲ್ಕು ವರ್ಷದ ಹೊಸ ಕೋರ್ಸು ಐಟಿಇಪಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ ಮತ್ತು ಅದರ ಪ್ರವೇಶಕ್ಕಾಗಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಎನ್‌ಸಿಇಟಿ ಪರೀಕ್ಷೆಯನ್ನು ನಡೆಸುತ್ತದೆ. ಆ ಪರೀಕ್ಷೆಯ ಮಾತನ್ನೇ ಎತ್ತದೆ ಮುಂಗಡ ಹಣ ಕೇಳುವವರು ಆದೇಶ ತೋರಿಸುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನೀಗ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.ಯನ್ನು ಮೊದಲಿನಿಂದ ಓದುತ್ತಿದ್ದೇನೆ. ಕಳೆದ ತಿಂಗಳು ಪರಿಚಯದವರ ಮಗಳಿಗಾಗಿ ಅದೇ ಅಧ್ಯಯನ ಕೇಂದ್ರಕ್ಕೆ ಹೆಸರು ಹೇಳದೆ ಫೋನ್ ಮಾಡಿದ್ದೆ. ವಿಶ್ವವಿದ್ಯಾಲಯ ಬದಲಾಗಿದೆ, ಕೋರ್ಸಿನ ಹೆಸರೂ ಬದಲಾಗಿದೆ. ಮಾನ್ಯತಾ ಆದೇಶದ ಸಂಖ್ಯೆಯನ್ನಷ್ಟೇ ಹೇಳಿ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಬಂದ ಉತ್ತರ ಒಂದೇ: "ಆಫೀಸಿಗೆ ಬನ್ನಿ ಮೇಡಂ, ಗೋಡೆ ಮೇಲೆ ಕಟ್ಟು ಹಾಕಿಸಿ ಇಟ್ಟಿದ್ದೀವಿ."