ಗಿಡ್ಡ ದನ ಬೇಕು ಅಂತ ಮಾಡ್ ಹಾಕುವ ಮೊದಲು ಇದನ್ನು ಓದಿ

ಮನೆಯಲ್ಲಿ ಮೈನ್‌ಕ್ರಾಫ್ಟ್ ಆಡುವ ಮಕ್ಕಳಿದ್ದಾರಾ? ಪ್ರಾಣಿಗಳ ಗಾತ್ರ ಬದಲಿಸುವ ಮಾಡ್‌ಗಳನ್ನು (ಆಟವನ್ನು ಬದಲಿಸಲು ಬೇರೆಯವರು ಬರೆದ ಫೈಲುಗಳನ್ನು) ಹಳೇ ವರ್ಲ್ಡ್‌ಗೆ, ಅಂದರೆ ಅವರು ಕಟ್ಟಿಕೊಂಡ ಆಟದ ಲೋಕಕ್ಕೆ, ನೇರವಾಗಿ ಹಾಕಲು ಬಿಡಬೇಡಿ. ಇಷ್ಟವಾಗದಿದ್ದರೆ ತೆಗೆದರಾಯ್ತು ಅಂತ ನಾವೂ ಅಂದುಕೊಂಡಿದ್ದೆವು.

ಅಕ್ಕನ ಮನೆ ಬದಿಯಡ್ಕದ ಹತ್ತಿರ. ಅವಳ ಮಗ 2023ರ ಬೇಸಿಗೆ ರಜೆಯಲ್ಲಿ ಕಂಪ್ಯೂಟರಿನಲ್ಲಿ ಬೇಕಲ ಕೋಟೆ ಕಟ್ಟಲು ಶುರು ಮಾಡಿದ್ದ. ಶಿವಪ್ಪ ನಾಯಕ ಕಟ್ಟಿಸಿದ ಆ 40 ಎಕರೆ ಪೂರ್ತಿ ಬಂದಿರಲಿಲ್ಲ. ಆದರೆ ಗೋಡೆಯ ಕಿಂಡಿಗಳು ಮಾತ್ರ ಒಂದೂ ತಪ್ಪಿರಲಿಲ್ಲ. ದೂರದ ಶತ್ರುವಿಗೆ ಗುರಿ ಇಡಲು ಮೇಲಿನ ಕಿಂಡಿ, ಗೋಡೆಯ ಬುಡಕ್ಕೇ ಬಂದವನಿಗೆ ಕೆಳಗಿನ ಕಿಂಡಿ. ಒಂದೊಂದೂ ಸರಿಯಾಗಿ ಒಂದು ಬ್ಲಾಕ್, ಅಂದರೆ ಆಟದ ಲೆಕ್ಕದಲ್ಲಿ ಒಂದು ಮೀಟರ್. ಈ ಕಿಂಡಿಗಳು ನೆನಪಿರಲಿ.

ಕೋಟೆಯೊಳಗೆ ಒಂದು ಕೊಟ್ಟಿಗೆಯೂ ಇತ್ತು. ಆಟದ ದನ 1.4 ಬ್ಲಾಕ್ ಎತ್ತರ, ಅಂದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್. "ಮಾವ, ನಮ್ಮ ಗಿಡ್ಡ ಇಷ್ಟು ಎತ್ತರ ಉಂಟಾ?" ಅಂತ ಕೇಳಿದ. ಹೌದಲ್ವಾ. ನಮ್ಮ ಕಡೆಯ ಕುಳ್ಳ ದನದ ತಳಿ ಕಾಸರಗೋಡು ಗಿಡ್ಡ ನಿಂತರೆ ಒಂದು ಮೀಟರಿನ ಆಸುಪಾಸು. ಅಕ್ಕನ ಕೊಟ್ಟಿಗೆಯಲ್ಲೇ ಎರಡಿವೆ.

ಮಾಡ್ ಹುಡುಕಿ ಕೊಟ್ಟವನು ನಾನೇ. ಹೆಸರು ಬೇಡ. ಪ್ರತಿ ಜೀವಿಗೂ ಕಾಲು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಒಂದು ಗಾತ್ರ ಕೊಡುತ್ತದೆ ಅಂತ ಬರೆದಿತ್ತು. 'ಪ್ರತಿ ಜೀವಿಗೂ' ಅನ್ನುವುದನ್ನು ಓದಿದೆ, ತಲೆಗೆ ಹೋಗಲಿಲ್ಲ. ಅದಕ್ಕೆ ಆಟದ 1.21 ವರ್ಷನ್ ಬೇಕಿತ್ತು, ಹುಡುಗನ ವರ್ಲ್ಡ್ 1.20.1ರಲ್ಲಿತ್ತು. ಮಳೆ ಬೇರೆ ಹೊಯ್ಯುತ್ತಿತ್ತು, ಕರೆಂಟ್ ಹೋಗುವ ಮೊದಲು ಮುಗಿಸೋಣ ಅಂತ ಅಪ್‌ಡೇಟ್ ಮಾಡಿ, ಮಾಡ್‌ನ ಫೈಲನ್ನು ಮಾಡ್ಸ್ ಫೋಲ್ಡರಿಗೆ ಹಾಕಿ, ತೆರೆದೇ ಬಿಟ್ಟೆವು. ವರ್ಲ್ಡ್ ಇರುವ ಸೇವ್ಸ್ ಫೋಲ್ಡರ್ ಕಾಪಿ ಮಾಡಿಡಲು ಎರಡು ನಿಮಿಷ ಸಾಕಿತ್ತು.

ಮೊದಲು ಸಿಕ್ಕಾಪಟ್ಟೆ ನಗು. ಕೋಳಿಯೊಂದು ಬಾವಿಕಟ್ಟೆಗಿಂತ ದೊಡ್ಡದು. ಕಾವಲಿಗಿದ್ದ ಐರನ್ ಗೋಲೆಮ್, ಆ ಕಬ್ಬಿಣದ ದೈತ್ಯ, ಬೆಕ್ಕಿನಷ್ಟೇ ಎತ್ತರ. ಕೊಟ್ಟಿಗೆಗೆ ಹೋದರೆ ದೊಡ್ಡದಾದ ದನದ ತಲೆ ಛಾವಣಿಯೊಳಗೆ ಸಿಕ್ಕಿಕೊಂಡು ಕೆಂಪಗೆ ಮಿನುಗುತ್ತಿತ್ತು. ಹುಡುಗ ಛಾವಣಿ ಒಡೆಯಲು ಗುದ್ದಲಿ ತೆಗೆಯುವಷ್ಟರಲ್ಲಿ ಉಸಿರುಗಟ್ಟಿ ಸತ್ತಿತು. ನೆಲದ ಮೇಲೆ ಒಂದು ತುಂಡು ಚರ್ಮ ತಿರುಗುತ್ತಾ ತೇಲುತ್ತಿತ್ತು. ಅವನ ನಗು ನಿಂತಿತು.

ಆಮೇಲೆ ಆಟದಲ್ಲಿ ರಾತ್ರಿಯಾಯಿತು, ಜಾಂಬಿ ಅನ್ನುವ ನಡೆಯುವ ಹೆಣಗಳು ಬರುವ ಹೊತ್ತು. ಮಾಮೂಲಿ ಜಾಂಬಿ ಎರಡು ಬ್ಲಾಕಿನಷ್ಟು ಎತ್ತರ, ಆ ಕಿಂಡಿಯಲ್ಲಿ ತೂರುವ ಮಾತೇ ಇಲ್ಲ. ಈಗ ಮೊಣಕಾಲೆತ್ತರದ ಜಾಂಬಿಗಳು ಕೆಳಗಿನ ಕಿಂಡಿಯಲ್ಲಿ ಸಾಲಾಗಿ ಒಳಗೆ ಬಂದವು. ಶತ್ರುವನ್ನು ಹೊಡೆಯಲು ಇಟ್ಟ ಕಿಂಡಿಯೇ ಬಾಗಿಲಾಯಿತು. ಗಾತ್ರ ಕಾಲು ಭಾಗ, ಪೆಟ್ಟು ಮಾತ್ರ ಇಡೀ! ಕೋಟೆಯೊಳಗಿದ್ದ ಆಟದ ಹಳ್ಳಿಯವರನ್ನು ಒಬ್ಬೊಬ್ಬರಾಗಿ ಮುಗಿಸಿದವು. ಹತಾರಗಳು ತಾವೇ ರಿಪೇರಿಯಾಗುವಂತೆ ಮಾಡುವ ಮೆಂಡಿಂಗ್ ಪುಸ್ತಕ ಮಾರುತ್ತಿದ್ದ ಲೈಬ್ರೇರಿಯನ್‌ಗೆ ಹುಡುಗ 'ಶ್ಯಾನುಭೋಗರು' ಅಂತ ಹೆಸರಿಟ್ಟಿದ್ದ. ಅವರೂ ಉಳಿಯಲಿಲ್ಲ. ಆಡುವವರಿಗೆ ಗೊತ್ತು, ಅಂಥವನನ್ನು ಸಂಪಾದಿಸಲು ಎಷ್ಟು ದಿನ ಬೇಕು ಅಂತ.

ಮಾಡ್ ಡಿಲೀಟ್ ಮಾಡಿದೆವು. ಕೋಳಿ ಹಾಗೇ ನಿಂತಿತ್ತು! ವಿಷಯ ಏನೆಂದರೆ, 1.20.5ರಿಂದ ಆಟದೊಳಗೇ ಸ್ಕೇಲ್ ಅನ್ನುವ, ಜೀವಿಯ ಗಾತ್ರ ಹೇಳುವ ಗುಣ ಇದೆ, ಹದಿನಾರನೇ ಒಂದು ಭಾಗದಿಂದ 16 ಪಟ್ಟಿನವರೆಗೆ. ನಾವು ಹಾಕಿದ ಮಾಡ್ ಅದನ್ನೇ ಪ್ರತಿ ಪ್ರಾಣಿಯ ಮೇಲೆ ಬರೆದು ಹೋಗಿತ್ತು. ಬರೆದದ್ದು ವರ್ಲ್ಡ್‌ನಲ್ಲೇ ಸೇವ್ ಆಗಿರುತ್ತದೆ. ಈ ಆಟದಲ್ಲಿ ನಿನ್ನೆಯ ಸೇವ್ ಅಂತ ಬೇರೆ ಇರುವುದಿಲ್ಲ, ಆಡಿದ ಹಾಗೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತದೆ. ಹೊಸ ವರ್ಷನ್‌ನಲ್ಲಿ ತೆರೆದ ವರ್ಲ್ಡ್ ಅನ್ನು ಹಳೆಯದರಲ್ಲಿ ತೆರೆಯಲು ಹೋದರೆ ಆಟವೇ ಬೇಡ ಅಂತ ಎಚ್ಚರಿಸುತ್ತದೆ. ಅಲ್ಲಿ ಕೈ ಹಾಕಲು ನನಗೆ ಧೈರ್ಯ ಸಾಲಲಿಲ್ಲ.

ನಿಮ್ಮಲ್ಲೂ ಹೀಗಾಗಿದ್ದರೆ, ಚೀಟ್ಸ್ (ಕಮಾಂಡ್ ಬಳಸಲು ಬಿಡುವ ಸೆಟ್ಟಿಂಗ್) ಆನ್ ಮಾಡಿ ಆಟ್ರಿಬ್ಯೂಟ್ ಕಮಾಂಡಿನಲ್ಲಿ ಸ್ಕೇಲನ್ನು 1ಕ್ಕೆ ತರಬಹುದು. ಆದರೆ ಆ ಹೊತ್ತಿಗೆ ಲೋಡ್ ಆಗಿರುವ, ಅಂದರೆ ಆಡುವವನ ಸುತ್ತಲಿನ ಜಾಗದ ಪ್ರಾಣಿಗಳಿಗೆ ಮಾತ್ರ ತಾಗುತ್ತದೆ. ನಾವು ಎರಡು ಸಂಜೆ ಕೋಟೆಯ ಸುತ್ತ ಅಲೆದು ಸರಿ ಮಾಡಿದೆವು. ಸತ್ತವರು ಸತ್ತರು. ಇನ್ನು ಮಾಡ್ ಹಾಕಲೇಬೇಕಿದ್ದರೆ, ವರ್ಲ್ಡ್ ಪಟ್ಟಿಯ ಎಡಿಟ್ ಬಟನ್ ಒತ್ತಿದರೆ ಬ್ಯಾಕಪ್ ಅಂತ ಸಿಗುತ್ತದೆ. ಮೊದಲು ಅದನ್ನು ಮಾಡಿ, ಆಮೇಲೆ ಕಾಪಿಯಲ್ಲಿ ಏನು ಬೇಕಾದರೂ ಆಟವಾಡಿ.

ತಮಾಷೆ ನೋಡಿ, ಒಂದು ದನವನ್ನು ಗಿಡ್ಡ ಮಾಡಲು ಮಾಡ್ ಬೇಕೇ ಇರಲಿಲ್ಲ. ಅದೇ ಕಮಾಂಡಿನಲ್ಲಿ 0.7 ಅಂತ ಹಾಕಿದರೆ ಮುಗಿಯುತ್ತಿತ್ತು. ಈಗ ಹೊಸ ಕೊಟ್ಟಿಗೆಯಲ್ಲಿ ಅಂಥದ್ದೊಂದು ಇದೆ. ಕಿಂಡಿ ಮುಚ್ಚು ಅಂದರೆ ಹುಡುಗ ಕೇಳಲಿಲ್ಲ. ಪ್ರತಿ ಕಿಂಡಿಗೂ ಕಬ್ಬಿಣದ ಸರಳು ಕೂರಿಸುತ್ತಿದ್ದಾನೆ.