ಅಶೋಕ ರಸ್ತೆಯ ಚಿನ್ನದಂಗಡಿ: ಜುಮುಕಿ ಚೆಂದ, ಬಿಲ್ಲು ಹುಷಾರು

ಮಗಳ ಸೀಮಂತಕ್ಕೆಂದು ಮೈಸೂರಿನ ಅಶೋಕ ರಸ್ತೆಯ ಒಂದು ಅಂಗಡಿಯಲ್ಲಿ ಆರು ಗ್ರಾಂ ಜುಮುಕಿ ಕೊಂಡೆ. ಕೆಲಸ ನಾಜೂಕು, ಹುಡುಗರ ಮಾತು ಜೇನು, ಬಾದಾಮಿ ಹಾಲೂ ಬಂತು.

ತಕರಾರು ಶುರುವಾದದ್ದು ಬಿಲ್ಲಿನಲ್ಲಿ. ಮೊದಲು ಕೊಟ್ಟದ್ದು ಬರೀ ಬಿಳಿ ಚೀಟಿ. "ಎಸ್ಟಿಮೇಟ್ ಸಾಕಲ್ವಾ ಮೇಡಂ, 3% ಜಿಎಸ್‌ಟಿ ಉಳಿಯತ್ತೆ." ಸಾಕಾಗಲ್ಲಪ್ಪ ಅಂದೆ. ನಾಳೆ ದೋಷ ಕಂಡರೆ ಆ ಚೀಟಿ ಹಿಡಿದು ಯಾರ ಹತ್ತಿರ ಹೋಗಲಿ? ಗೊಣಗಾಟ. ಗ್ರಾಹಕ ಸಹಾಯವಾಣಿ 1915ರ ಹೆಸರೆತ್ತಿದ ಮೇಲೆ ಪಕ್ಕಾ ಬಿಲ್ ಬಂತು. ನೋಡಿದರೆ ಕೆಂಪು ಕಲ್ಲಿನ ತೂಕವೂ ಚಿನ್ನದ ಲೆಕ್ಕದಲ್ಲೇ! ಕೇಳಿದೆ, ಕಳೆದರು. ವೇಸ್ಟೇಜೂ (ಒಡವೆ ಮಾಡುವಾಗ ಸವೆಯುವ ಚಿನ್ನಕ್ಕೆಂದು ಹಾಕುವ ಲೆಕ್ಕ) 16ರಿಂದ 12 ಪರ್ಸೆಂಟಿಗೆ ಇಳಿಯಿತು. (ಕೇಳದಿದ್ದರೆ ಇಳಿಯುತ್ತಿತ್ತೇ? ದೇವರಾಣೆಗೂ ಇಲ್ಲ.)

ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಅದರ ವಿಷಯದಲ್ಲಿ ಮಾತ್ರ ಹುಳುಕಿಲ್ಲ. ಭೂತಗನ್ನಡಿ ಅವರೇ ಕೊಟ್ಟರು: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 (22 ಕ್ಯಾರೆಟ್, ಅಂದರೆ 91.6% ಚಿನ್ನ), 2023ರಲ್ಲಿ ಕಡ್ಡಾಯವಾದ ಆರಕ್ಷರದ ಎಚ್‌ಯುಐಡಿ (ಒಡವೆಗೊಂದರಂತೆ ಕೊಡುವ ಗುರುತಿನ ಸಂಕೇತ). ಅಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿ ನೋಡಿದೆ, ತಾಳೆಯಾಯಿತು.

ಐದಕ್ಕೆ ಮೂರು ನಕ್ಷತ್ರ. ಅದರಲ್ಲೊಂದು ಬಾದಾಮಿ ಹಾಲಿಗೆ.